ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ–ಕಲೆ ಪ್ರಾಜೆಕ್ಟ್: ನಮ್ಮ ಕಾಸರಗೋಡಿನದ್ದೇ ಏನು ಮಾಡಿಸಬಹುದು?

ಗಣಿತ ಟೀಚರ್, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಇಲ್ಲೇ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಈ ಸಲ ಒಂಬತ್ತನೇ ಕ್ಲಾಸಿನ ಮಕ್ಕಳು 'ಗಣಿತ ಮತ್ತು ಕಲೆ' ಅಂತ ವಿಷಯ ಆರಿಸಿದ್ದಾರೆ. ಚೆನ್ನಾಗಿ ಬಂದರೆ ಗಣಿತ ಮೇಳಕ್ಕೂ ಕಳಿಸುವ ಆಸೆ ಉಂಟು.

ಮೊದಲ ವಾರ ಎಲ್ಲರೂ ಮೊಬೈಲಿನಿಂದ ಚಿತ್ರ ಪ್ರಿಂಟ್ ತೆಗೆದು ತಂದರು. ಮೋನಾಲಿಸಾ ಮುಖದ ಮೇಲೆ ಒಂದು ಸುರುಳಿ, ಗ್ರೀಸಿನ ದೇವಸ್ಥಾನದ ಮೇಲೆ ಒಂದು ಆಯತ. ಕೆಳಗೆ 'ಸುವರ್ಣ ಅನುಪಾತ 1.618', ಅಂದರೆ ಉದ್ದ ಅಗಲದ 1.618 ಪಟ್ಟು. "ಇದನ್ನು ನೀವು ಅಳೆದು ನೋಡಿದ್ದೀರಾ?" ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ. ಒಬ್ಬಳು ಮಾತ್ರ "ಟೀಚರ್, ಅಳೆಯಲು ಅದು ನಮ್ಮಲ್ಲಿ ಇಲ್ಲವಲ್ಲ" ಅಂದಳು. ಅವಳ ಮಾತು ಸರಿ ಅನ್ನಿಸಿತು.

ಹಾಗಾಗಿ ಕೇಳುತ್ತಿದ್ದೇನೆ. ಮಕ್ಕಳು ಕೈಯಲ್ಲಿ ಮುಟ್ಟಿ, ಎಣಿಸಿ, ಅಳೆದು ನೋಡುವಂಥದ್ದು ನಮ್ಮ ಊರಲ್ಲಿ ಏನೇನು ಉಂಟು? ರಂಗೋಲಿ ನನ್ನ ತಲೆಯಲ್ಲಿದೆ. ಆದರೆ 'ರಂಗೋಲಿಯಲ್ಲಿ ಸಮಮಿತಿ ಇದೆ' ಅಂತ ಬರೆದು ಬಿಟ್ಟರೆ ಅದು ಪ್ರಾಜೆಕ್ಟ್ ಆಗುವುದಿಲ್ಲ. ಸ್ವಲ್ಪ ಆಳಕ್ಕೆ ಹೋಗಬೇಕು.

ಪೆರ್ಲದ ಕೃಷಿಕ

ಟೀಚರ್, ಅನಾನಸು ಕೊಡಿ ಮಕ್ಕಳ ಕೈಗೆ. ಅದರ ಕಣ್ಣುಗಳು ಓರೆ ಸಾಲಾಗಿ ಸುತ್ತಿಕೊಂಡು ಮೇಲೆ ಹೋಗುತ್ತವೆ. ಒಂದು ಕಡೆಗೆ 8 ಸಾಲು, ಇನ್ನೊಂದು ಕಡೆಗೆ 13 ಸಾಲು ಸಿಗುತ್ತದೆ. ಎಣಿಸಿದ ಸಾಲಿಗೆ ಸುಣ್ಣ ಹಚ್ಚುತ್ತಾ ಹೋದರೆ ತಪ್ಪುವುದಿಲ್ಲ.

ಊರು ಮಂಜೇಶ್ವರ

ಸುವರ್ಣ ಅನುಪಾತವನ್ನು ಯಾಕೆ ಬಿಡುತ್ತೀರಿ? ಮಧೂರು ದೇವಸ್ಥಾನದಲ್ಲೂ ಇದೆ, ಬೇಕಲ ಕೋಟೆಯಲ್ಲೂ ಇದೆ, ನಮ್ಮ ಮುಖದಲ್ಲೂ ಇದೆ. ಪ್ರಕೃತಿಯ ನಿಯಮ ಅದು. ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ, ಮೇಳದಲ್ಲಿ ಜನರೂ ನಿಂತು ನೋಡುತ್ತಾರೆ.

ಮಧುವಾಹಿನಿ

ಮಧೂರಿನಲ್ಲಿ ಇದೆ ಅಂತ ಯಾರು ಅಳೆದರು? ನಾನು ಆ ದೇವಸ್ಥಾನದ ಹತ್ತಿರವೇ ಹುಟ್ಟಿ ಬೆಳೆದವಳು. ಅಲ್ಲಿ ನಿಜವಾಗಿ ನೋಡಬೇಕಾದ ಗಣಿತ ಬೇರೆಯೇ ಇದೆ. ಅದು ಗಜಪೃಷ್ಠ ಆಕಾರದ ಗುಡಿ. ಮುಂದೆ ಚೌಕ, ಹಿಂದೆ ಆನೆಯ ಬೆನ್ನಿನ ಹಾಗೆ ಅರ್ಧವೃತ್ತ, ಮೇಲೆ ಮೂರು ಅಂತಸ್ತಿನ ಮಾಡು (ಛಾವಣಿ). ಚೌಕ ಇರುವ ಕಡೆ ಮಾಡಿನ ಪಕ್ಕಾಸುಗಳು, ಅಂದರೆ ಮಾಡನ್ನು ಹೊರುವ ಓರೆ ಮರಗಳು, ಒಂದಕ್ಕೊಂದು ಸಮಾನಾಂತರ. ಹಿಂದಿನ ಭಾಗಕ್ಕೆ ಬರುವಾಗ ಅವು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳಬೇಕು. ಎಷ್ಟು ಪಕ್ಕಾಸು ಬೇಕು, ಎರಡರ ನಡುವೆ ಎಷ್ಟು ಕೋನ, ಕೆಳಗಿನ ತುದಿಯಲ್ಲಿ ಎಷ್ಟು ಅಂತರ, ಇದನ್ನೆಲ್ಲ ಮರ ಕೊಯ್ಯುವ ಮೊದಲೇ ಲೆಕ್ಕ ಹಾಕಬೇಕು. ಅರ್ಧವೃತ್ತದ ಸುತ್ತಳತೆ ಗೊತ್ತಿಲ್ಲದೆ ಆ ಮಾಡು ಕೂರುವುದೇ ಇಲ್ಲ.

ಆಚಾರಿಗಳ ಹಳೆಯ ಅಳತೆ ಕೋಲು. 24 ಅಂಗುಲಕ್ಕೆ ಒಂದು ಕೋಲು, ಈಗಿನ ಲೆಕ್ಕದಲ್ಲಿ ಸುಮಾರು 72 ಸೆಂಟಿಮೀಟರ್. ಮಕ್ಕಳು ರಟ್ಟಿನಲ್ಲಿ ಒಂದು ಮಾದರಿ ಮಾಡಲಿ. 10 ಪಕ್ಕಾಸು ಇಟ್ಟರೆ ಎಷ್ಟು ಡಿಗ್ರಿ, 12 ಇಟ್ಟರೆ ಎಷ್ಟು, ಅವರಿಗೇ ಗೊತ್ತಾಗುತ್ತದೆ.

ಊರು ಮಂಜೇಶ್ವರ

ಸರಿ ಅಕ್ಕ, ನಾನು ಅಳೆದಿಲ್ಲ. ಎಲ್ಲೋ ಓದಿದ್ದು. ಮಾದರಿಯ ವಿಚಾರ ಚೆನ್ನಾಗಿದೆ.

ತಾಳವಾಡಿ ಹುಡುಗ

ನಾನು ತಮಿಳುನಾಡಿನ ತಾಳವಾಡಿಯವನು, ಈಗ ಹೊಸೂರಿನಲ್ಲಿ ಕೆಲಸ. ನಮ್ಮ ಕಡೆ ರಂಗೋಲಿ ಅಂದರೆ ಸಿಕ್ಕು ಕೋಲಂ. ಚುಕ್ಕಿಗಳನ್ನು ಇಟ್ಟು, ಚುಕ್ಕಿಯನ್ನು ಮುಟ್ಟದೆ ಅದರ ಸುತ್ತ ಎಳೆಯನ್ನು ಬಳಸಿ ಬಳಸಿ ತರುತ್ತಾರೆ. ಅಮ್ಮ ದಿನಾ ಬೆಳಗ್ಗೆ ಹಾಕುತ್ತಿದ್ದರು. ಕೈ ಎತ್ತದೆ ಒಂದೇ ಎಳೆಯಲ್ಲಿ ಶುರುವಾದ ಜಾಗಕ್ಕೇ ಬಂದು ಮುಟ್ಟಬೇಕು ಅನ್ನುವುದು ಅವರ ಹಟ.

ಟೀಚರ್ ಅಮ್ಮ, ಇದರಲ್ಲಿ ನಿಮ್ಮ ಮಕ್ಕಳಿಗೆ ಒಂದು ಒಳ್ಳೆ ಪ್ರಶ್ನೆ ಇದೆ. ಚುಕ್ಕಿಗಳನ್ನು ಆಯತದ ಹಾಗೆ ಇಡಿ, 3 ಸಾಲು, ಸಾಲಿಗೆ 4 ಚುಕ್ಕಿ. ಎಳೆ ಓರೆಯಾಗಿ ಚುಕ್ಕಿಗಳ ನಡುವೆ ಹೋಗಲಿ, ಅಂಚಿಗೆ ಬಂದಾಗ ತಿರುಗಲಿ. ಪೂರ್ತಿ ಒಂದೇ ಎಳೆಯಲ್ಲಿ ಮುಗಿಯುತ್ತದೆ. ಈಗ 4 ಸಾಲು, ಸಾಲಿಗೆ 4 ಇಡಿ. ಒಂದೇ ಎಳೆಯಲ್ಲಿ ಮುಗಿಯುವುದೇ ಇಲ್ಲ, 4 ಎಳೆ ಬೇಕು. ಯಾಕೆ?

ಈ ಕೋಲಂಗಳನ್ನು ಕಂಪ್ಯೂಟರಿಗೆ ಕಲಿಸಲು 1970ರ ದಶಕದಲ್ಲೇ ಮದ್ರಾಸಿನಲ್ಲಿ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ಕೆಲಸ ಮಾಡಿದ್ದರು. ಭಾಷೆಗೆ ವ್ಯಾಕರಣ ಇರುವ ಹಾಗೆ ಚಿತ್ರಕ್ಕೂ ವ್ಯಾಕರಣ ಬರೆದರು. ಅಮ್ಮಂದಿರು ಬೆಳಗ್ಗೆ ಐದು ಗಂಟೆಗೆ ಮಾಡುವ ಕೆಲಸ ಅದು.

ಸರಸ್ವತಿ ಟೈಲರಿಂಗ್, ಕುಂಬಳೆ

ಬೆಸ ಸಂಖ್ಯೆ ಇದ್ದರೆ ಒಂದೇ ಎಳೆ ಬರುತ್ತದೆ. ಸಮ ಇದ್ದರೆ ಬರುವುದಿಲ್ಲ. ನಮ್ಮ ಅತ್ತೆ ಹೇಳಿಕೊಟ್ಟದ್ದು.

ತಾಳವಾಡಿ ಹುಡುಗ

ಇಲ್ಲ ಅಕ್ಕಾ. 3ಕ್ಕೆ 5 ಇಟ್ಟರೆ ಒಂದೇ ಎಳೆ, ಅದು ಸರಿ. ಆದರೆ 3ಕ್ಕೆ 9 ಇಡಿ, ಎರಡೂ ಬೆಸ, ಆದರೂ 3 ಎಳೆ ಬರುತ್ತದೆ. 4ಕ್ಕೆ 5 ಇಟ್ಟರೆ ಒಂದು ಸಮ ಇದ್ದರೂ ಒಂದೇ ಎಳೆ. ಈಗ ನೀವೇ ಹೇಳಿ, ನಿಯಮ ಏನಿರಬಹುದು?

ಗಣಿತ ಟೀಚರ್, ಬದಿಯಡ್ಕ

ಮ.ಸಾ.ಅ.!! ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ. 3 ಮತ್ತು 4ರ ಮ.ಸಾ.ಅ. 1, 4 ಮತ್ತು 4ರದ್ದು 4, 3 ಮತ್ತು 9ರದ್ದು 3. ಇದನ್ನು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಹೀಗೆ ನೋಡಿಲ್ಲ. ಐದನೇ ಕ್ಲಾಸಿನಿಂದ ಮಕ್ಕಳು ಮ.ಸಾ.ಅ. ಕಂಡುಹಿಡಿಯುತ್ತಾರೆ. ಅದು ಕಣ್ಣಿಗೆ ಕಾಣುತ್ತದೆ ಅಂತ ಯಾರೂ ಹೇಳಿಕೊಡಲಿಲ್ಲ. ದಯವಿಟ್ಟು ಯಾಕೆ ಹಾಗಾಗುತ್ತದೆ ಅಂತ ಬರೆಯುತ್ತೀರಾ? ಬರೀ ನಿಯಮ ಕೊಟ್ಟರೆ ಸಾಕಾಗುವುದಿಲ್ಲ.

ತಾಳವಾಡಿ ಹುಡುಗ

ಕೇರಂ ಬೋರ್ಡ್ ನೆನಪು ಮಾಡಿಕೊಳ್ಳಿ. ಎಳೆ ಅಂದರೆ ಅಂಚಿಗೆ ಬಡಿದು ಬಡಿದು ಓರೆಯಾಗಿ ಓಡುವ ಸ್ಟ್ರೈಕರ್. ಬೋರ್ಡ್ 3 ಮನೆ ಎತ್ತರ, 4 ಮನೆ ಅಗಲ. ಮೇಲೆ ಕೆಳಗೆ ಒಂದು ಸುತ್ತು ಹೋಗಿ ಬರಲು 6 ಹೆಜ್ಜೆ, ಎಡ ಬಲ ಹೋಗಿ ಬರಲು 8 ಹೆಜ್ಜೆ. ಎರಡೂ ಒಟ್ಟಿಗೆ ಮುಗಿದಾಗ ಮಾತ್ರ ಶುರುವಾದ ಜಾಗಕ್ಕೆ ಬರಲು ಸಾಧ್ಯ. 6 ಮತ್ತು 8 ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, ಅಂದರೆ ಲ.ಸಾ.ಅ., 24. ಹಾಗಾಗಿ ಒಂದು ಎಳೆಯ ಉದ್ದ 24 ಹೆಜ್ಜೆ. ಪೂರ್ತಿ ಚಿತ್ರದಲ್ಲಿ ಎಳೆದ ಗೆರೆ ಒಟ್ಟು 2 × 3 × 4, ಅದೂ 24. ಅಂದರೆ ಒಂದೇ ಎಳೆ ಸಾಕು. 4ಕ್ಕೆ 4 ಇದ್ದರೆ ಒಂದು ಎಳೆ 8 ಹೆಜ್ಜೆಗೇ ವಾಪಸ್ಸು ಬಂದುಬಿಡುತ್ತದೆ, ಒಟ್ಟು ಗೆರೆ 32. ಅದಕ್ಕೆ 4 ಎಳೆ.

ಚೆಂಡೆಪೆಟ್ಟು

ಮಾರಾಯ್ರೇ, ಇದು ನಮ್ಮ ತಾಳದ ಲೆಕ್ಕವೇ ಅಲ್ವಾ! ತ್ರಿವುಡೆಗೆ 7 ಅಕ್ಷರ, ಏಕತಾಳಕ್ಕೆ 4. ಇಬ್ಬರು ಮಕ್ಕಳನ್ನು ಎದುರು ಬದುರು ಕೂರಿಸಿ. ಒಬ್ಬ ಏಳಕ್ಕೊಂದು ಚಪ್ಪಾಳೆ, ಇನ್ನೊಬ್ಬ ನಾಲ್ಕಕ್ಕೊಂದು. ಇಬ್ಬರ ಚಪ್ಪಾಳೆ 28ಕ್ಕೆ ಒಟ್ಟಿಗೆ ಬೀಳುತ್ತದೆ, ಅದಕ್ಕಿಂತ ಮೊದಲು ಬೀಳುವುದಿಲ್ಲ. ಕೇಳಿದ ಮಕ್ಕಳಿಗೆ ಲ.ಸಾ.ಅ. ಮತ್ತೆ ಮರೆಯುವುದಿಲ್ಲ.

ನಾನು ಮೃದಂಗವನ್ನೂ ಸ್ವಲ್ಪ ಕಲಿತವನು. ಅಲ್ಲಿ ಮುಗಿಸುವಾಗ ಒಂದೇ ಸೊಲ್ಲನ್ನು ಮೂರು ಸಲ ನುಡಿಸುವ ಕ್ರಮ ಇದೆ, ನಡುವೆ ಎರಡು ಸಲ ಜಾಗ ಬಿಡಬೇಕು. 16 ಎಣಿಕೆಯೊಳಗೆ ಕೂರಿಸಿ ಅಂತ ಗುರುಗಳು ಹೇಳುತ್ತಿದ್ದರು. ಸೊಲ್ಲು 4, ಜಾಗ 2 ಆದರೆ 12 + 4 = 16. ಸೊಲ್ಲು 2, ಜಾಗ 5 ಆದರೂ 6 + 10 = 16. ಸೊಲ್ಲು 3 ಇಟ್ಟರೆ ಏನು ಮಾಡಿದರೂ ಅರ್ಧ ಎಣಿಕೆ ಬೇಕಾಗುತ್ತದೆ. 3x + 2y = 16 ಅಂತ ಬೋರ್ಡಿನಲ್ಲಿ ಬರೆದಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಕೈಯಲ್ಲಿ ಬಂದಾಗ ಬಿಡಿಸಿದೆ.

ಎರಡು ಮಕ್ಕಳ ತಂದೆ, ಕಾಞಂಗಾಡ್

ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ. ಆದರೆ ಒಂದು ಕೇಳುತ್ತೇನೆ, ಬೇಜಾರು ಮಾಡಬೇಡಿ. ಮುಂದಿನ ವರ್ಷ ಈ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿ. ರಂಗೋಲಿ, ಚೆಂಡೆ ಅಂತ ವಾರಗಟ್ಟಲೆ ಕಳೆದರೆ ಪಾಠ ಯಾವಾಗ ಮುಗಿಯುವುದು? ನನ್ನ ಮಗಳಿಗೆ ಗಣಿತದಲ್ಲಿ ಎ ಪ್ಲಸ್ ಬೇಕು. ಮೇಳದ ಸರ್ಟಿಫಿಕೇಟ್ ಆಮೇಲೆ.

ಗಣಿತ ಟೀಚರ್, ಬದಿಯಡ್ಕ

ನಿಮ್ಮ ಆತಂಕ ನನಗೂ ಇದೆ ಸರ್. ವಾರಕ್ಕೆ ಒಂದೇ ಪೀರಿಯಡ್ ಇದಕ್ಕೆ ಇಟ್ಟಿದ್ದೇನೆ. ಉಳಿದದ್ದು ಮಕ್ಕಳು ಮನೆಯಲ್ಲಿ ಮಾಡುತ್ತಾರೆ. ನೋಡಿ, ಮೇಲೆ ಬಂದದ್ದರಲ್ಲಿ ಪಾಠದ ಹೊರಗಿನದ್ದು ಯಾವುದು? ವೃತ್ತದ ಸುತ್ತಳತೆ, ಮ.ಸಾ.ಅ., ಎರಡು ಚರಾಕ್ಷರದ ಸಮೀಕರಣ. ನನ್ನ ಕ್ಲಾಸಿನಲ್ಲಿ ಸೂತ್ರ ಬಾಯಿಪಾಠ ಹೇಳುವ ಮಕ್ಕಳು ತುಂಬಾ ಇದ್ದಾರೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಕೈ ನಿಲ್ಲುತ್ತದೆ. ಎ ಪ್ಲಸ್ ತಪ್ಪುವುದು ಅಲ್ಲೇ.

ನಿವೃತ್ತ ಕನ್ನಡ ಪಂಡಿತ

ಟೀಚರ್, ಕನ್ನಡ ಪೀರಿಯಡ್ಡನ್ನೂ ಸೇರಿಸಿಕೊಳ್ಳಿ. ನಮ್ಮ ಛಂದಸ್ಸಿನಲ್ಲಿ ಇರುವಷ್ಟು ಗಣಿತ ರಂಗೋಲಿಯಲ್ಲೂ ಇಲ್ಲ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಲಘು ಅಂದರೆ ಒಂದು ಮಾತ್ರೆ, ಗುರು ಅಂದರೆ ಎರಡು. ಈಗ ಮಕ್ಕಳಿಗೆ ಹೇಳಿ, 3 ಮಾತ್ರೆಯ ಗಣವನ್ನು ಎಷ್ಟು ವಿಧದಲ್ಲಿ ಮಾಡಬಹುದು? ಮೂರು ಲಘು, ಅಥವಾ ಗುರು-ಲಘು, ಅಥವಾ ಲಘು-ಗುರು. ಒಟ್ಟು 3. ನಾಲ್ಕು ಮಾತ್ರೆಗೆ 5. ಐದು ಮಾತ್ರೆಗೆ 8. ಆರಕ್ಕೆ 13. ಏಳಕ್ಕೆ 21. ಪೆರ್ಲದವರ ಅನಾನಸಿನ 8 ಮತ್ತು 13 ಇಲ್ಲೂ ಬಂತು ನೋಡಿ. ಕಾರಣವೂ ಸುಲಭ. ಐದು ಮಾತ್ರೆಯ ಗಣದ ಕೊನೆಯಲ್ಲಿ ಲಘು ಇದ್ದರೆ ಅದರ ಮೊದಲು 4 ಮಾತ್ರೆ ಇರಬೇಕು, ಅದು 5 ವಿಧ. ಕೊನೆಯಲ್ಲಿ ಗುರು ಇದ್ದರೆ ಮೊದಲು 3 ಮಾತ್ರೆ, ಅದು 3 ವಿಧ. ಕೂಡಿಸಿದರೆ 8. ಹಿಂದಿನ ಎರಡನ್ನು ಕೂಡಿಸುತ್ತಾ ಹೋಗುವುದು, ಅಷ್ಟೆ. ಜೈನ ಪಂಡಿತ ಹೇಮಚಂದ್ರ ಸುಮಾರು 1150ರಲ್ಲಿ ಇದನ್ನೇ ಬರೆದಿದ್ದಾನೆ. ಇಟಲಿಯ ಫಿಬೊನಾಚಿಯ ಮೊಲದ ಲೆಕ್ಕ ಬಂದದ್ದು 1202ರಲ್ಲಿ.

ಭಾಮಿನಿ ಷಟ್ಪದಿಯಲ್ಲಿ 3 ಮತ್ತು 4 ಮಾತ್ರೆಯ ಗಣಗಳು ಒಂದಾದ ಮೇಲೆ ಒಂದು ಬರುತ್ತವೆ. ಮೊದಲ ಸಾಲು 14 ಮಾತ್ರೆ, ಮೂರನೆಯ ಸಾಲು 23. ಇಡೀ ಪದ್ಯ 14 × 4 + 23 × 2 = 102. ವಾರ್ಧಕದಲ್ಲಿ ಐದೈದು ಮಾತ್ರೆ, 20 × 4 + 32 × 2 = 144. ಮಕ್ಕಳು ಆರು ಷಟ್ಪದಿಗಳಿಗೂ ಹೀಗೆ ಪಟ್ಟಿ ಮಾಡಲಿ.

ಊರು ಮಂಜೇಶ್ವರ

ಹಾಗಾದರೆ ಫಿಬೊನಾಚಿ ನಮ್ಮಿಂದ ಕದ್ದದ್ದು ಅಂತ ಚಾರ್ಟಿನಲ್ಲಿ ದೊಡ್ಡದಾಗಿ ಬರೆಯಬೇಕು.

ನಿವೃತ್ತ ಕನ್ನಡ ಪಂಡಿತ

ಬೇಡ. ಹಾಗೆ ಹೇಳಲು ಆಧಾರ ಇಲ್ಲ. ಅವನು ಭಾರತದ ಅಂಕಿಗಳನ್ನು ಯುರೋಪಿಗೆ ಪರಿಚಯಿಸಿದ, ಅದನ್ನು ಅವನೇ ಹೇಳಿದ್ದಾನೆ. ಈ ಸಾಲಿಗೆ ಅವನು ಮೊಲದಿಂದ ಬಂದ, ನಮ್ಮವರು ಪದ್ಯದಿಂದ ಬಂದರು. ನಮ್ಮವರು ಮೊದಲು ಬಂದರು ಅನ್ನುವಷ್ಟು ಹೇಳಿದರೆ ಸಾಕು, ಅದು ಸತ್ಯ. ಮಕ್ಕಳ ಚಾರ್ಟಿನಲ್ಲಿ ಸುಳ್ಳು ಸೇರಬಾರದು.

ಒಂಬತ್ತನೇ ಕ್ಲಾಸಿನ ಹುಡುಗಿ

ನಮಸ್ತೆ. ನಾನು ಟೀಚರ್ ಕ್ಲಾಸಿನವಳೇ, ಅಪ್ಪನ ಮೊಬೈಲಿನಿಂದ ಬರೆಯುತ್ತಿದ್ದೇನೆ. ಸರ್, ನಾನು 7 ಮಾತ್ರೆಯದ್ದು ಎಲ್ಲ ಬರೆದೆ, 21 ಬಂತು. ಆದರೆ ಭಾಮಿನಿಯಲ್ಲಿ 3 + 4 ಅಂತ ಕತ್ತರಿಸಬೇಕಲ್ಲ. ಆಗ 3 × 5 = 15 ಮಾತ್ರ ಬರುತ್ತದೆ. ಉಳಿದ 6 ಎಲ್ಲಿ ಹೋಯಿತು?

ನಿವೃತ್ತ ಕನ್ನಡ ಪಂಡಿತ

ಮಗಳೇ, ಈ ಪ್ರಶ್ನೆಯನ್ನು ಮೂವತ್ತು ವರ್ಷದಲ್ಲಿ ಯಾರೂ ನನ್ನಲ್ಲಿ ಕೇಳಿರಲಿಲ್ಲ. ಉಳಿದ ಆರನ್ನು ಬರೆದು ನೋಡು. ಅದರಲ್ಲೆಲ್ಲ ಮೂರನೆಯ ಮಾತ್ರೆಗೂ ನಾಲ್ಕನೆಯ ಮಾತ್ರೆಗೂ ನಡುವೆ ಒಂದು ಗುರು ಅಡ್ಡ ಕೂತಿರುತ್ತದೆ. ಗುರುವನ್ನು ತುಂಡು ಮಾಡುವ ಹಾಗಿಲ್ಲ. ಆ ಗುರುವಿನ ಹಿಂದೆ 2 ಮಾತ್ರೆ, ಅದು 2 ವಿಧ. ಮುಂದೆ 3 ಮಾತ್ರೆ, ಅದು 3 ವಿಧ. 2 × 3 = 6. 15 + 6 = 21. ನಿನ್ನ ಲೆಕ್ಕ ಸರಿ ಇದೆ. ಓದುವಾಗ ಕಿವಿಗೆ ಎಡವಿದ ಹಾಗೆ ಕೇಳುವುದು ಆ ಆರೇ.

ಚೆಂಡೆಪೆಟ್ಟು

ಪಂಡಿತರೇ, ಕೈ ಮುಗಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು, ಪದ್ಯ ಹೇಳುತ್ತೇವೆ, ಕುಣಿಯುತ್ತೇವೆ. ಇದನ್ನು ಯಾರೂ ಎಣಿಸಿ ತೋರಿಸಿರಲಿಲ್ಲ.

ಅಕ್ಕಲಕೋಟೆ ಬಸು

ನಾನು ಮಹಾರಾಷ್ಟ್ರದ ಅಕ್ಕಲಕೋಟೆಯವ. ನಮ್ಮಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಸೊಲ್ಲಾಪುರದ ಚಾದರ್ ನೀವು ಕೇಳಿರುತ್ತೀರಿ. ನಮ್ಮ ಕಾಕಾ ಆ ಮಗ್ಗದ ಮೇಲೆ ಕೆಲಸ ಮಾಡುತ್ತಿದ್ದರು. ಜಕಾರ್ಡ್ ಮಗ್ಗಕ್ಕೆ ರಟ್ಟಿನ ಪಟ್ಟಿಗಳ ಮಾಲೆ ಇರುತ್ತದೆ, ಅದರಲ್ಲಿ ತೂತುಗಳು. ತೂತು ಇದ್ದಲ್ಲಿ ಆ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಕೆಳಗೇ ಉಳಿಯುತ್ತದೆ. ಚಾದರಿನ ಮೇಲೆ ಕಾಣುವ ಹೂವು ಮೊದಲು ಆ ರಟ್ಟಿನಲ್ಲಿ ಬರೀ ತೂತಾಗಿ ಇರುತ್ತದೆ. ಫ್ರಾನ್ಸಿನ ಜಕಾರ್ಡ್ ಇದನ್ನು ತಂದದ್ದು 1804ರಲ್ಲಿ. ಕಂಪ್ಯೂಟರಿನ ಸೊನ್ನೆ-ಒಂದು ಅದೇ ದಾರಿಯಲ್ಲಿ ಬಂತು. ಪಂಡಿತರ ಲಘು-ಗುರುವೂ ಎರಡೇ ಅಲ್ಲವೇ?

ನಿಮ್ಮ ಕಡೆಯೂ ಸೀರೆ ನೇಯುತ್ತಾರಲ್ಲ, ಅದನ್ನು ಯಾಕೆ ಯಾರೂ ಹೇಳಲಿಲ್ಲ?

ಸರಸ್ವತಿ ಟೈಲರಿಂಗ್, ಕುಂಬಳೆ

ಹೌದಲ್ಲ! ಕಾಸರಗೋಡು ಸೀರೆ. ಶಾಲಿಯರು ಕೈಮಗ್ಗದಲ್ಲಿ ನೇಯುವ ಹತ್ತಿ ಸೀರೆ, ಅದಕ್ಕೆ ಭೌಗೋಳಿಕ ಸೂಚಕವೂ ಸಿಕ್ಕಿದೆ. ಗೆರೆ ಮತ್ತು ಚೌಕಳಿ ಅದರ ಗುರುತು. ಚೌಕಳಿ ಸರಿಯಾಗಿ ಚೌಕ ಆಗಬೇಕಾದರೆ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಅಂತ ಎಣಿಸಬೇಕು. ಸುಮ್ನೆ ಕಣ್ಣಂದಾಜಿಗೆ ಹೊಡೆದರೆ ಆಯತ ಆಗಿ ಬಿಡುತ್ತದೆ. ಮಕ್ಕಳಿಗೆ ಒಂದು ಭೂತಗನ್ನಡಿ ಕೊಟ್ಟು ಒಂದು ಇಂಚಿನಲ್ಲಿ ಎಷ್ಟು ಎಳೆ ಅಂತ ಎಣಿಸಲು ಹೇಳಿ. ನನ್ನ ಅಂಗಡಿಗೆ ಬಂದರೆ ತುಂಡು ಬಟ್ಟೆ ಕೊಡುತ್ತೇನೆ.

ತಳಂಗರೆಯವ

ತಳಂಗರೆ ಟೊಪ್ಪಿಯನ್ನೂ ಸೇರಿಸಿ. ಕೈಯಲ್ಲೇ ಹೊಲಿಯುವ ಬಿಳಿ ಟೊಪ್ಪಿ. ನನ್ನ ಉಮ್ಮ ಹೊಲಿಯುತ್ತಿದ್ದರು. ಮೇಲಿನ ಬಿಲ್ಲೆ ವೃತ್ತ, ಸುತ್ತಿನ ಪಟ್ಟಿ ಆಯತ. ಪಟ್ಟಿಯ ಉದ್ದ ವೃತ್ತದ ಸುತ್ತಳತೆಗೆ ಸರಿ ಹೊಂದಬೇಕು. ಪಟ್ಟಿಯ ಮೇಲೆ ಒಂದೇ ಹೂವು ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಅರ್ಧ ಹೂವು ಉಳಿಯಬಾರದು. ಹಾಗಾಗಿ ಮೊದಲೇ ಭಾಗಿಸಿ ಗುರುತು ಹಾಕುತ್ತಿದ್ದರು. ಉಮ್ಮ ಶಾಲೆಗೆ ಹೋದದ್ದು ನಾಲ್ಕನೆಯವರೆಗೆ.

ಗಣಿತ ಟೀಚರ್, ಬದಿಯಡ್ಕ

ಇದು ತುಂಬಾ ಒಳ್ಳೆಯದಾಯಿತು. ಟೊಪ್ಪಿಯ ಪಟ್ಟಿ, ಸೀರೆಯ ಅಂಚು, ಎರಡೂ ಒಂದೇ ಜಾತಿಯ ವಿನ್ಯಾಸ. ಉದ್ದಕ್ಕೆ ಮರುಕಳಿಸುವ ಪಟ್ಟಿಯ ಸಮಮಿತಿ ಒಟ್ಟು 7 ವಿಧ ಮಾತ್ರ. ಎಂಟನೆಯದು ಸಾಧ್ಯವೇ ಇಲ್ಲ. ಬಟ್ಟೆಯ ಮೈಯಂತೆ ಎರಡು ಕಡೆಗೂ ಹರಡುವ ವಿನ್ಯಾಸಕ್ಕೆ 17 ವಿಧ, ಅದನ್ನು ರಷ್ಯಾದ ಫೆಡೊರೊವ್ 1891ರಲ್ಲಿ ಸಾಧಿಸಿ ತೋರಿಸಿದರು.

ಏಳರಲ್ಲಿ ನನಗೆ ಇಷ್ಟವಾದದ್ದು ಹೆಜ್ಜೆ ಗುರುತಿನ ವಿಧ. ಕಡಲ ತೀರದ ಹೊಯಿಗೆಯಲ್ಲಿ ನಡೆದು ಹಿಂದೆ ತಿರುಗಿ ನೋಡಿದರೆ ಎಡ, ಬಲ, ಎಡ, ಬಲ. ಒಂದು ಹೆಜ್ಜೆಯನ್ನು ಮುಂದೆ ಸರಿಸಿ ಕನ್ನಡಿಯಲ್ಲಿ ತಿರುಗಿಸಿದರೆ ಇನ್ನೊಂದು. ನಾಳೆ ಮಕ್ಕಳಿಗೆ ಮನೆಯ ಸೀರೆ ಅಂಚುಗಳ ಫೋಟೋ ತರಲು ಹೇಳುತ್ತೇನೆ. ಏಳರಲ್ಲಿ ಎಷ್ಟು ವಿಧ ನಮ್ಮ ಊರಲ್ಲೇ ಸಿಗುತ್ತದೆ ನೋಡೋಣ.

ಊರು ಮಂಜೇಶ್ವರ

ಚಿತ್ರ ಅಂದಮೇಲೆ ನಾಗಮಂಡಲ ಬಿಡಲು ಆಗುತ್ತದಾ? ಐದು ಬಣ್ಣದ ಹುಡಿಯಲ್ಲಿ ಹಾವಿನ ಸುರುಳಿ, ಗಂಟಿನ ಮೇಲೆ ಗಂಟು. ಕೋಲಂನ ಲೆಕ್ಕಕ್ಕಿಂತ ಕಷ್ಟದ್ದು. ಅದನ್ನೇ ದೊಡ್ಡದಾಗಿ ಚಾರ್ಟ್ ಮಾಡಿಸಿ.

ಮಧುವಾಹಿನಿ

ಅದು ಬೇಡ. ಮಂಡಲ ಬರೆಯುವವರಿಗೆ ವ್ರತ ಇದೆ, ಕ್ರಮ ಇದೆ. ಸೇವೆ ಮುಗಿದ ಮೇಲೆ ಅಳಿಸಿಬಿಡುತ್ತಾರೆ. ಮೇಳದ ಹಾಲಿನಲ್ಲಿ ಗೋಡೆಗೆ ಅಂಟಿಸಿ, ಸಂಜೆ ಕಸದ ಬುಟ್ಟಿಗೆ ಹಾಕುವ ವಸ್ತು ಅಲ್ಲ ಅದು.

ಚೆಂಡೆಪೆಟ್ಟು

ನನಗೆ ಎರಡು ಮನಸ್ಸು. ಮಕ್ಕಳು ಹೋಗಿ ನೋಡಲಿ, ಬರೆಯುವವರ ಹತ್ತಿರ ಕೂತು ಕೇಳಲಿ. ಮಧ್ಯದಿಂದ ಹೇಗೆ ಶುರು ಮಾಡುತ್ತಾರೆ, ದಾರ ಹಿಡಿದು ವೃತ್ತ ಹೇಗೆ ಎಳೆಯುತ್ತಾರೆ ಅಂತ ತಿಳಿದುಕೊಂಡರೆ ತಪ್ಪಿಲ್ಲ. ನಕಲು ಮಾಡುವುದು ಬೇಡ, ಅಕ್ಕ ಹೇಳಿದ ಹಾಗೆ.

ಗಣಿತ ಟೀಚರ್, ಬದಿಯಡ್ಕ

ನಕಲು ಮಾಡಿಸುವುದಿಲ್ಲ. ಅದು ನನ್ನ ತೀರ್ಮಾನ.

ವೀಣೆ ಅತ್ತೆ

ಸಂಗೀತದಿಂದ ಒಂದು ಸಣ್ಣದು ಹೇಳಲಾ? ಕಟಪಯಾದಿ. ಅಕ್ಷರಕ್ಕೆ ಅಂಕಿ. ಕ, ಟ, ಪ, ಯ ನಾಲ್ಕಕ್ಕೂ 1, ಅಲ್ಲಿಂದ ಮುಂದೆ ಎಣಿಸಿಕೊಂಡು ಹೋಗಬೇಕು. ಞ ಮತ್ತು ನ ಸೊನ್ನೆ. ಒತ್ತಕ್ಷರದಲ್ಲಿ ಕೊನೆಯದ್ದು ಮಾತ್ರ ಲೆಕ್ಕ, ಅನುಸ್ವಾರದ ಸೊನ್ನೆ ಗುರುತಿಗೆ ಬೆಲೆ ಇಲ್ಲ. ಕೊನೆಗೆ ಹಿಂದಿನಿಂದ ಓದಬೇಕು. ಮಾಯಾಮಾಳವಗೌಳ ರಾಗದ ಮೊದಲ ಎರಡು ಅಕ್ಷರ ಮ 5, ಯ 1, ತಿರುಗಿಸಿದರೆ 15. ಅದು 15ನೇ ಮೇಳಕರ್ತ, ಅಂದರೆ ಮೂಲ ರಾಗ. ಹರಿಕಾಂಭೋಜಿ ಹ 8, ರ 2, ಹಾಗಾಗಿ 28. ರಾಗದ ಹೆಸರಲ್ಲೇ ನಂಬರು. ಮೇಳಕರ್ತ 72 ಯಾಕೆ ಅಂದರೆ ರಿ-ಗಗಳಿಗೆ 6 ಜೋಡಿ, ದ-ನಿಗಳಿಗೆ 6 ಜೋಡಿ, ಮಧ್ಯಮ 2. 6 × 6 × 2.

ಎರಡು ಮಕ್ಕಳ ತಂದೆ, ಕಾಞಂಗಾಡ್

ಅತ್ತೆ, ಇದಕ್ಕೂ ಕಾಸರಗೋಡಿಗೂ ಏನು ಸಂಬಂಧ?

ಮಧುವಾಹಿನಿ

ಸಂಬಂಧ ಇದೆ. ಕೇರಳದ ಹಳೆಯ ಗಣಿತಜ್ಞರು ದೊಡ್ಡ ದೊಡ್ಡ ಸಂಖ್ಯೆಗಳನ್ನು ಹೀಗೇ ಶ್ಲೋಕದಲ್ಲಿ ಅಡಗಿಸಿ ಇಡುತ್ತಿದ್ದರು. ನಮ್ಮ ದಕ್ಷಿಣಕ್ಕೆ ಕಡತ್ತನಾಡಿನ ಶಂಕರವರ್ಮ 1819ರಲ್ಲಿ ಪೈ ಬೆಲೆಯನ್ನು 17 ದಶಮಾಂಶದವರೆಗೆ ಕೊಟ್ಟದ್ದು ಇದೇ ಕ್ರಮದಲ್ಲಿ. ಮಧೂರಿನ ಅರ್ಧವೃತ್ತಕ್ಕೆ ಬೇಕಾದದ್ದೂ ಅದೇ ಪೈ.

ಒಂಬತ್ತನೇ ಕ್ಲಾಸಿನ ಹುಡುಗಿ

ಅತ್ತೆ, ನಾವು ಊರಿನ ಹೆಸರುಗಳಿಗೆ ಹಾಕಿ ನೋಡಿದೆವು. ಕುಂಬಳೆ ಬರೆದ ಕ್ರಮದಲ್ಲೇ 1, 3, 9. ಮೂರು ಮೂರು ಪಟ್ಟು! ಮಧೂರು 295. ಬೇಕಲ ಯಾವ ಕಡೆಯಿಂದ ಓದಿದರೂ 313. ಪೆರ್ಲ 31. ಅಪ್ಪನೂ ಕೂತು ಮಾಡಿದರು.

ಎರಡು ಮಕ್ಕಳ ತಂದೆ, ಕಾಞಂಗಾಡ್

ನನ್ನ ಮಗಳೂ ಈಗ ಇದನ್ನೇ ಮಾಡುತ್ತಿದ್ದಾಳೆ. ಊಟಕ್ಕೆ ಕರೆದರೂ ಬರುತ್ತಿಲ್ಲ. ಇರಲಿ.

ಹಳೆ ವಿದ್ಯಾರ್ಥಿ

ಒಂದು ಎಚ್ಚರಿಕೆ ಹೇಳಬೇಕು. ನಾನು ಶಾಲೆಯಲ್ಲಿದ್ದಾಗ ಒಂದು ಮೇಳಕ್ಕೆ ಹೋಗಿದ್ದೆ. ಒಂದು ತಿಂಗಳು ಕೂತು ಮಾಡಿದ ಚಾರ್ಟ್, ಎಲ್ಲ ಕನ್ನಡದಲ್ಲಿ. ತೀರ್ಪುಗಾರರಿಗೆ ಕನ್ನಡ ಬರುತ್ತಿರಲಿಲ್ಲ. ನನಗೆ ಮಲಯಾಳ ಸರಿಯಾಗಿ ಬರುತ್ತಿರಲಿಲ್ಲ. ಅವರು ಎರಡು ನಿಮಿಷ ನೋಡಿ, ತಲೆಯಾಡಿಸಿ ಮುಂದೆ ಹೋದರು. ಆ ದಿನ ಬಸ್ಸಿನಲ್ಲಿ ಅತ್ತದ್ದು ಇನ್ನೂ ನೆನಪಿದೆ. ಛಂದಸ್ಸು ಅಂತ ಹೊರಟರೆ ಈ ಮಕ್ಕಳಿಗೂ ಹಾಗೇ ಆಗಬಾರದು.

ಗಣಿತ ಟೀಚರ್, ಬದಿಯಡ್ಕ

ಓದಿ ಹೊಟ್ಟೆ ಚುರ್ ಎಂದಿತು. ಇದೇ ಭಯ ನನಗೂ ಇದೆ. ಮಲಯಾಳದಲ್ಲಿ ಶೀರ್ಷಿಕೆ ಬರೆಸಬಹುದು. ಆದರೆ ಮಕ್ಕಳು ಅವರ ಭಾಷೆಯಲ್ಲಿ ಯೋಚಿಸಿದ್ದನ್ನು ಅವರ ಭಾಷೆಯಲ್ಲೇ ಹೇಳಬೇಕು ಅಂತ ನನ್ನ ಹಟ.

ನಿವೃತ್ತ ಕನ್ನಡ ಪಂಡಿತ

ಹಟ ಬಿಡಬೇಡಿ. ಮಲಯಾಳದವರಿಗೂ ಲಘು ಗುರು ಹೊಸದಲ್ಲ. ಅವರ ವೃತ್ತಗಳಲ್ಲೂ ಮೂರು ಅಕ್ಷರಕ್ಕೊಂದು ಗಣ. 'ಯಮಾತಾರಾಜಭಾನಸಲಗಂ' ಅಂತ ಒಂದು ಸೂತ್ರ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಯಾವ ಅಕ್ಷರದಿಂದ ಶುರು ಮಾಡಿ ಮೂರು ಅಕ್ಷರ ತೆಗೆದರೂ ಆ ಹೆಸರಿನ ಗಣ ಸಿಗುತ್ತದೆ. ಯಮಾತಾ ಅಂದರೆ ಲಘು-ಗುರು-ಗುರು, ಅದು ಯಗಣ. ಲಘು, ಗುರು ಎರಡೇ, ಜಾಗ ಮೂರು. ಹಾಗಾಗಿ 2 × 2 × 2 = 8 ಗಣ. ಎಂಟನ್ನೂ ಬೇರೆ ಬೇರೆ ಬರೆದರೆ 24 ಅಕ್ಷರ ಬೇಕು. ಸೂತ್ರ ಹತ್ತರಲ್ಲೇ ಮುಗಿಸಿದೆ.

ತಾಳವಾಡಿ ಹುಡುಗ

ಹತ್ತೂ ಬೇಡ ಪಂಡಿತರೇ, ಎಂಟು ಸಾಕು. ಮೊದಲ ಎರಡು ಅಕ್ಷರ ಲಘು-ಗುರು, ಕೊನೆಯ ಎರಡೂ ಲಘು-ಗುರು. ಕೊನೆಯ ಎರಡನ್ನೂ ತೆಗೆದು ಬಳೆಯ ಹಾಗೆ ಸುತ್ತಿ ಜೋಡಿಸಿ. ಎಂಟು ಮಣಿಯ ಬಳೆ, ಅದರಲ್ಲಿ ಎಂಟೂ ಗಣ. ಗಣಿತದಲ್ಲಿ ಇಂಥದ್ದಕ್ಕೆ ಡಿ ಬ್ರುಯಿನ್ ಸರಣಿ ಅನ್ನುತ್ತಾರೆ. ಬಳೆ ತೋರಿಸಿ ತಿರುಗಿಸಿದರೆ ಯಾವ ಭಾಷೆಯವರಿಗೂ ಗೊತ್ತಾಗುತ್ತದೆ.

ಹಳೆ ವಿದ್ಯಾರ್ಥಿ

ಇದು ಮಾಡಿಸಿ ಟೀಚರ್. ಇದನ್ನು ನೋಡಿದವರು ಸುಮ್ನೆ ತಲೆಯಾಡಿಸಿ ಮುಂದೆ ಹೋಗಲು ಆಗುವುದಿಲ್ಲ.

ಗಣಿತ ಟೀಚರ್, ಬದಿಯಡ್ಕ

ಹತ್ತು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಮಕ್ಕಳು ಮೂರು ಗುಂಪಾಗಿದ್ದಾರೆ. ಒಂದು ಗುಂಪಿಗೆ ಚುಕ್ಕಿ ಮತ್ತು ತಾಳ. ಇನ್ನೊಂದಕ್ಕೆ ಸೀರೆ ಅಂಚು ಮತ್ತು ಟೊಪ್ಪಿ, ಅವರಿಗೆ ಏಳರಲ್ಲಿ ಐದು ವಿಧ ಸಿಕ್ಕಿದೆ, ಹುಡುಕಾಟ ಮುಂದುವರಿದಿದೆ. ಮೂರನೆಯದಕ್ಕೆ ಛಂದಸ್ಸಿನ ಬಳೆ. ಗುರುವಿಗೆ ಹುಣಸೆ ಬೀಜ, ಲಘುವಿಗೆ ಮಂಜೊಟ್ಟಿ. ರಟ್ಟಿನ ವೃತ್ತದ ಮೇಲೆ ಗೋಂದು ಹಚ್ಚಿ ಅಂಟಿಸಿದ್ದಾರೆ. ಮೇಲೆ ಮೂರು ಬೀಜ ಮಾತ್ರ ಕಾಣುವ ಕಿಟಕಿ. ತಿರುಗಿಸಿದ ಹಾಗೆ ಒಂದೊಂದು ಗಣ ಬರುತ್ತದೆ. ಗಜಪೃಷ್ಠದ ಮಾದರಿ ಅರ್ಧ ಆಗಿದೆ, ಪಕ್ಕಾಸು ಇನ್ನೂ ಕೂರುತ್ತಿಲ್ಲ.

ಮಧುವಾಹಿನಿ

ಪಕ್ಕಾಸಿನ ಮೇಲಿನ ತುದಿಯನ್ನು ಓರೆಯಾಗಿ ಕತ್ತರಿಸಬೇಕು. ಎಲ್ಲ ಒಂದೇ ಕಡೆ ಸೇರುವಾಗ ಜಾಗ ಸಾಕಾಗುವುದಿಲ್ಲ. ಶನಿವಾರ ನಾನು ಶಾಲೆಗೆ ಬರಲಾ?

ಗಣಿತ ಟೀಚರ್, ಬದಿಯಡ್ಕ

ಖಂಡಿತ ಬನ್ನಿ ಅಕ್ಕ.

ಒಂಬತ್ತನೇ ಕ್ಲಾಸಿನ ಹುಡುಗಿ

ನಾನು ಬಳೆ ಗುಂಪಿನಲ್ಲಿದ್ದೇನೆ. ಮೂರರ ಬಳೆ ಆದ ಮೇಲೆ ನಾಲ್ಕರದ್ದೂ ಆಗುತ್ತದಾ ಅಂತ ನೋಡಿದೆ. ನಾಲ್ಕು ಜಾಗ ಇದ್ದರೆ 16 ವಿಧ, ಹಾಗಾಗಿ 16 ಬೀಜ ಸಾಕಾಗಬೇಕು. ಮೂರು ದಿನ ಅಳಿಸಿ ಅಳಿಸಿ ಬರೆದೆ. ಯಾವಾಗಲೂ ಕೊನೆಯಲ್ಲಿ ಒಂದು ಎರಡು ಸಲ ಬರುತ್ತಿತ್ತು. ಇವತ್ತು ಸಂಜೆ ಇದು ಬಂತು. ಲ ಅಂದರೆ ಲಘು, ಗ ಅಂದರೆ ಗುರು. ಕೊನೆಯಿಂದ ಮತ್ತೆ ಮೊದಲಿಗೆ ಸುತ್ತಿಕೊಂಡು ಓದಬೇಕು.

ಲ ಲ ಲ ಲ ಗ ಲ ಲ ಗ ಗ ಲ ಗ ಲ ಗ ಗ ಗ ಗ

ಯಾರಾದರೂ ತಪ್ಪು ಇದೆಯಾ ನೋಡುತ್ತೀರಾ? ಟೀಚರ್ ನಾಳೆ ನೋಡುತ್ತೇನೆ ಅಂದಿದ್ದಾರೆ, ನನಗೆ ನಾಳೆಯವರೆಗೆ ಕಾಯಲು ಆಗುತ್ತಿಲ್ಲ.

ಚೆಂಡೆಪೆಟ್ಟು

ಲಘುವಿಗೆ ಒಂದು ಪೆಟ್ಟು, ಗುರುವಿಗೆ ಒಂದು ಪೆಟ್ಟು ಒಂದು ಬಿಡುವು. ಈಗಷ್ಟೇ ತೊಡೆಯ ಮೇಲೆ ಬಾರಿಸಿ ನೋಡಿದೆ ಮಗು. 24 ಮಾತ್ರೆಗೆ ಸರಿಯಾಗಿ ಸುತ್ತು ಮುಗಿಯುತ್ತದೆ. ಕೇಳಲು ತುಂಬಾ ಚೆಂದ ಇದೆ. ಆದರೆ ತಪ್ಪು ಇದೆಯಾ ಅಂತ ಪಂಡಿತರೇ ಹೇಳಲಿ.

ನಿವೃತ್ತ ಕನ್ನಡ ಪಂಡಿತ

ಕಾಗದ ಪೆನ್ಸಿಲ್ ತೆಗೆದುಕೊಂಡು ಕೂತೆ. ಎರಡು ಸಲ ಎಣಿಸಿದೆ. ಹದಿನಾರೂ ಇವೆ.